ಬೆರಳು ಮುಂದೆ, ಬಾಯಿ ಹಿಂದೆ

ಮತ್ತೊಂದು ಬೇವಿನ ಹೂವು ಉದುರಿತು, ಬಣ್ಣದ ಕಾಗದ ಸುತ್ತಿದ ಆ ದುಂಡನೆಯ ಪೊಟ್ಟಣದ ಮೇಲೆಯೇ, ಒಳಗೆ ಏನಿದೆಯೆಂದು ತಿಳಿಯದವರು ಈ ಅಂಗಳದಲ್ಲಿ ಒಬ್ಬರೂ ಇಲ್ಲ, ಗಡಿಯಾರ, ಇನ್ನೇನು, ಏಳನೆಯ ತರಗತಿ ಮುಗಿಸಿ ಹೋಗುವ ಮಕ್ಕಳು ಶಾಲೆಗೊಂದು ಗೋಡೆ ಗಡಿಯಾರ ಕೊಟ್ಟೇ ಹೋಗಬೇಕೆಂಬ ಪದ್ಧತಿಯನ್ನು ಯಾವ ಪುಣ್ಯಾತ್ಮ ಹಾಕಿದನೋ, ಇದು ಹನ್ನೆರಡನೆಯದು, ಹಿಂದಿನ ಹನ್ನೊಂದೂ ಆಫೀಸು ಕೋಣೆಯ ಗೋಡೆಯ ಮೇಲೆ ಹನ್ನೊಂದು ಬೇರೆ ಬೇರೆ ಹೊತ್ತು ಹೇಳುತ್ತ ನಿಂತುಹೋಗಿವೆ, ಈಗ ನಿಜವಾದ ಹೊತ್ತೆಷ್ಟು, ಒಂಬತ್ತೂವರೆ ಇದ್ದೀತು, ಬೆಳಗಿನ ಶಾಲೆಯಾದರೂ ಬಿಸಿಲು ಆಗಲೇ ಧ್ವಜದ ಕಟ್ಟೆಯನ್ನು ಕಾಯಿಸುತ್ತಿದೆ, ಮೆಹಜಬೀನ ಸೆರಗಿನ ತುದಿಯಿಂದ ಕೊರಳೊರೆಸಿಕೊಂಡಳು, ಒರೆಸಿಕೊಂಡ ಮರುಗಳಿಗೆಗೆ ಮತ್ತೆ ಬೆವರು, ಇದು ಬಿಸಿಲಿನ ಬೆವರಲ್ಲ, ಇಪ್ಪತ್ತೆರಡು ವರ್ಷ ಇದೇ ಬೇವಿನ ಕೆಳಗೆ ಏಪ್ರಿಲ್ ಹತ್ತನೆಯ ತಾರೀಖು ಕುಳಿತಿದ್ದಾಳೆ, ಫಲಿತಾಂಶ ಹಂಚಿ, ಬೀಳ್ಕೊಡುಗೆ ಮಾಡಿ, ಬಾಗಿಲಿಗೆ ಬೀಗ ಜಡಿದು ತಾವರಗೇರಾದ ಬಸ್ಸು ಹತ್ತಿದ್ದಾಳೆ, ಎಂದೂ ಹೀಗೆ ಬೆವರಿರಲಿಲ್ಲ — ಹಲೋ, ಹಲೋ, ಎಲ್ಲಾರೂ ಕುಂದರ್ರಿ, ಏ ಹಿಂದಿನ ಸಾಲಿನವ್ರ್ಯಾ, ಗದ್ಲ ಮಾಡಿದ್ರ ರಿಜಲ್ಟ್ ಕಾರ್ಡು ಜೂನ್‌ನ್ಯಾಗ ಕೊಡ್ತೀನಿ ನೋಡ್ರಿ — ಮೈಕಿನ ಮುಂದೆ ಬಾಗಿ ನಿಂತವರು ಮುಖ್ಯೋಪಾಧ್ಯಾಯ ಗಿಡ್ಡಪ್ಪನವರು, ಆರಡಿಯ ಆಳು, ಹೆಸರಿಡುವಾಗ ನಮ್ಮವ್ವ ಅವಸರ ಮಾಡ್ಯಾಳ್ರಿ ಎಂದು ತಾವೇ ನಗೆಯಾಡುವವರು, ಅವರ ಹಿಂದೆ ನಾಲ್ಕು ಬೆಂಚು ಜೋಡಿಸಿ ಜಮಖಾನ ಹಾಸಿದ ವೇದಿಕೆ, ವೇದಿಕೆಯ ಮೇಲೆ ಶಾಲಾ ಸಮಿತಿಯ ಅಧ್ಯಕ್ಷ ತಿಮ್ಮಣ್ಣ, ಪಕ್ಕದಲ್ಲಿ ಶಾಲೆಗೆ ಕೊಳವೆಬಾವಿ ಕೊರೆಸಿಕೊಟ್ಟ ಮುದುಕ ಮರ್ದಾನಸಾಬ, ಬಿಳಿಯ ಟೋಪಿ, ಮುನಿಸಿನ ಮುಖ, ಮುನಿಸು ಯಾತಕ್ಕೋ, ಇರಲಿ, ಪ್ರಾರ್ಥನೆ ಮುಗಿಯಿತು, ಸ್ವಾಗತ ಮುಗಿಯುತ್ತದೆ, ಆಮೇಲೆ ವಾರ್ಷಿಕ ವರದಿ, ಓದುವವಳು ಏಳನೆಯ ತರಗತಿಯ ಹೊಳಿಯಮ್ಮ, ಈ ಶಾಲೆಯಲ್ಲೆಲ್ಲ ಅತ್ಯಂತ ಸೊಗಸಾಗಿ ಓದುವವಳೆಂದು ಮೆಹಜಬೀನಳೇ ಊರೆಲ್ಲ ಹೆಸರು ಮಾಡಿಟ್ಟ ಹುಡುಗಿ, ಆ ಹೊಳಿಯಮ್ಮನಿಗೆ ಓದು ಬರುವುದಿಲ್ಲ, ಹದಿಮೂರು ದಿನಗಳಿಂದ ಈ ಮಾತು ಗಂಟಲಲ್ಲಿ ಮುಳ್ಳಿನಂತೆ ಕೂತಿದೆ, ಉಗುಳಲೂ ಆಗದು ನುಂಗಲೂ ಆಗದು, ಇಷ್ಟು ಜನರ ನಡುವೆ ಇದು ಗೊತ್ತಿರುವುದು ಇಬ್ಬರಿಗೇ.

ಪರೀಕ್ಷೆ ಮುಗಿದ ಶಾಲೆಯೆಂದರೆ ಮದುವೆ ಮುಗಿದ ಹಂದರ, ಯಾರು ಬಂದರು ಯಾರು ಹೋದರು ಎಂಬ ಲೆಕ್ಕವಿಲ್ಲ, ಮಾರ್ಚ್ ಕೊನೆಗೆ ಉತ್ತರಪತ್ರಿಕೆಗಳ ಕಟ್ಟು ಕಟ್ಟಿ ಗಂಟು ಹಾಕಿದ ಮೇಲೆ ಪಾಠವಿಲ್ಲ, ರಜೆಯೂ ಇಲ್ಲ, ಅಲ್ಲಿಂದ ಏಪ್ರಿಲ್ ಹತ್ತರವರೆಗೆ ಎರಡು ವಾರ ನಡುಗಡ್ಡೆಯಂತೆ ಉಳಿದುಬಿಡುತ್ತವೆ, ಹಲಗೆಗೆ ಕಪ್ಪು ಬಳಿ, ನಕಾಶೆಗಳನ್ನು ಬೇವಿನ ಸೊಪ್ಪಿಟ್ಟು ಸುತ್ತು, ವರ್ಗಾವಣೆ ಪತ್ರ ಬರೆ, ಮಕ್ಕಳಿಂದ ಪಠ್ಯಪುಸ್ತಕ ಮರಳಿ ಪಡೆ, ಹರಿದುದಕ್ಕೆ ರಟ್ಟು ಅಂಟಿಸು, ಮುಂದಿನ ವರ್ಷದ ಮಕ್ಕಳಿಗೆಂದು ಪುಸ್ತಕದ ಕೋಣೆಯಲ್ಲಿ ಒಟ್ಟು — ಟೀಚರ, ಆಟಕ್ಕ ಬಿಡ್ರಿ, ಟೀಚರ, ನಮ್ಮ ಮಾರ್ಕ್ಸ್ ಹೇಳ್ರಿ, ಟೀಚರ, ಇವ ನನ್ನ ಪುಸ್ತಕದ ಮ್ಯಾಲ ಕುಂತಾನ್ರಿ — ಆ ಗದ್ದಲದ ನಡುವೆಯೇ ಗಿಡ್ಡಪ್ಪನವರು ವರದಿಯ ಕಚ್ಚಾ ಪ್ರತಿ ತಂದುಕೊಟ್ಟದ್ದು, ಮೇಡಂ, ನಿಮ್ಮ ಗಿಳೀಗೆ ಕೊಡ್ರಿ, ಹೋದ ವರ್ಷ ಅಕಿ ಓದಿದ್ದು ಕೇಳಿ ತಿಮ್ಮಣ್ಣ ಸಾಹುಕಾರ್ರು ಕಣ್ಣು ಒರಸಿಕೊಂಡಿದ್ರು, ಗಿಳಿ ಎಂದೇ ಅವರು ಕರೆಯುತ್ತಿದ್ದದ್ದು, ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಹೊಳಿಯಮ್ಮ ಓಡಿ ಬಂದಳು, ಎಂದಿನಂತೆ ಕೇಳಿದಳು, ಒಮ್ಮೆ ನೀವ ಓದಿ ತೋರಸ್ರಿ ಟೀಚರ, ರಾಗ ಗೊತ್ತಾಗ್ತದ, ಐದು ವರ್ಷ ಈ ಮಾತನ್ನು ಕೇಳಿದ್ದಾಳೆ ಮೆಹಜಬೀನ, ಐದು ವರ್ಷವೂ ಉಬ್ಬಿದ್ದಾಳೆ, ನೋಡಿ, ಈ ಮಗುವಿಗೆ ಓದಿನಲ್ಲಿ ರಾಗವಿದೆಯೆಂಬುದು ತಿಳಿದಿದೆ ಎಂದು, ಓದಿ ತೋರಿಸಿದಳು, ಒಂದೇ ಸಲ, ಮರುದಿನ ಗಿಡ್ಡಪ್ಪನವರು ಶುದ್ಧ ಪ್ರತಿ ತಂದರು, ಒಂದು ಸಾಲು ತಿದ್ದಿದ್ದರು, ಎರಡು ಫ್ಯಾನು ಕೊಡಿಸಿದವರು ಓಬಳೆಪ್ಪನವರು ಎಂದಿದ್ದುದು ಪಂಪಾಪತಿಯವರು ಎಂದಾಗಿತ್ತು, ತಂದೆಯ ಹೆಸರು ಹೋಗಿ ಮಗನ ಹೆಸರು ಬಂದಿತ್ತು, ಹೊಳಿಯಮ್ಮ ಆ ಹೊಸ ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಓಬಳೆಪ್ಪನವರು ಎರಡು ಫ್ಯಾನುಗಳನ್ನು ದಾನವಾಗಿ ನೀಡಿರುತ್ತಾರೆ ಎಂದು ಓದಿದಳು, ಹಾಳೆಯ ಮೇಲೆ ಇಲ್ಲದ ಓಬಳೆಪ್ಪನನ್ನು ಓದಿದಳು — ಮತ್ತೊಮ್ಮೆ ಓದು, ಮತ್ತೆಯೂ ಓಬಳೆಪ್ಪ, ಈ ಅಕ್ಷರ ಯಾವುದು ತೋರಸು, ಬೆರಳಿಟ್ಟು ತೋರಸವ್ವ, ಬೆರಳು ಹಾಳೆಯ ಮೇಲೆ ಅಲ್ಲಿ ಇಲ್ಲಿ ಅಲೆಯಿತು, ಬೆರಳ ತುದಿಗೆ ರಟ್ಟು ಅಂಟಿಸಿದ ಮೈದಾ ಹಿಟ್ಟಿನ ಅಂಟು ಒಣಗಿ ಬಿಳಿಯ ಹೊಪ್ಪಳೆಯಾಗಿತ್ತು, ಆ ಬಿಳಿಯ ತುದಿ ಎಲ್ಲಿಯೂ ನಿಲ್ಲಲಾರದೆ ಅಲೆಯುವುದನ್ನು ಮೆಹಜಬೀನ ನೋಡಿದಳು, ನೋಡುತ್ತಲೇ ಇದ್ದಾಳೆ, ಇವತ್ತಿಗೂ.

ಹೇಗೆ ತಿಳಿಯಲಿಲ್ಲ, ಮೂರನೆಯ ತರಗತಿಯಿಂದ ಏಳನೆಯದರವರೆಗೆ ಐದು ವರ್ಷ ಎದುರಿಗೆ ಕುಳಿತ ಮಗು, ಮೊದಲೆರಡು ವರ್ಷ ಈಕೆ ಶಾಲೆಯನ್ನೇ ಕಂಡಿರಲಿಲ್ಲ, ತಾಯಿ ಹುಲಿಗೆವ್ವನೊಂದಿಗೆ ಗಂಗಾವತಿಯ ಕಡೆ ಭತ್ತದ ನಾಟಿಗೆ ಹೋಗಿ ಅಲ್ಲಿನ ಕ್ಯಾಂಪುಗಳಲ್ಲಿ ಇದ್ದುಬಿಟ್ಟವಳು, ಬಂದಾಗ ವಯಸ್ಸು ನೋಡಿ ಮೂರನೆಯದಕ್ಕೆ ಕೂರಿಸಿದರು, ಕೂರಿಸಿದ್ದು ಮೆಹಜಬೀನಳೇ, ಆ ವಾರವೇ ಅವಳ ಕಂಠ ಕೇಳಿ ಸಾಮೂಹಿಕ ವಾಚನಕ್ಕೆ ಮುಂದೆ ನಿಲ್ಲಿಸಿದ್ದೂ ಮೆಹಜಬೀನಳೇ, ಒಬ್ಬಳು ಹೇಳಬೇಕು ಉಳಿದವರು ಅವಳ ಹಿಂದೆ ಹೇಳಬೇಕು, ಹೇಳುವವಳಿಗೆ ಅಕ್ಷರ ಕೇಳುವವರು ಯಾರು, ಬರವಣಿಗೆಯೋ ಮುತ್ತು ಪೋಣಿಸಿದಂತೆ, ಈಗ ತಿಳಿಯುತ್ತದೆ, ಅದು ಬರೆದದ್ದಲ್ಲ, ಪಕ್ಕದ ಹೇಮಾಳ ಹಾಳೆಯನ್ನು ನೋಡಿ ರಂಗೋಲಿಯಂತೆ ಇಳಿಸಿದ್ದು, ಪರೀಕ್ಷೆಯಲ್ಲೂ ಹೇಮಾಳ ಪಕ್ಕದ ಜಾಗ ಬಿಡುತ್ತಿರಲಿಲ್ಲ, ಗೆಳತಿಯರು ಎಂದುಕೊಂಡೆವು, ತನಿಖೆಗೆ ಬಂದವರ ಮುಂದೆ ಪ್ರತಿ ವರ್ಷ, ಸರ್, ನಮ್ಮ ಹೊಳಿಯಮ್ಮನ ಓದು ಕೇಳ್ರಿ, ಕೇಳಿದವರು ತಲೆದೂಗಿ ಹೋದರು, ಛಲೋ ಓದಸೀರಿ ಟೀಚರ, ಉರ್ದು ಮನಿಮಾತಿನವರು ಇಷ್ಟು ಶುದ್ಧ ಕನ್ನಡ ಕಲಸೀರಲ್ಲ, ಆ ಒಂದು ಮಾತಿಗಾಗಿ, ಹೌದು, ಸುಳ್ಳೇಕೆ, ಆ ಒಂದು ಮಾತಿನ ಆಸೆಗಾಗಿ ಮತ್ತೆ ಮತ್ತೆ ಅದೇ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದ್ದಾಳೆ — ತಾವರಗೇರಾದ ಸಂತೆಯ ಓಣಿಯಲ್ಲಿ ಅಬ್ಬಾನ ಹೊಲಿಗೆ ಯಂತ್ರ, ರಾಜಾಸಾಬ ಟೇಲರ್ ಎಂದರೆ ಸುತ್ತ ಹತ್ತು ಹಳ್ಳಿಗೆ ಗೊತ್ತು, ದಿನವೂ ಮುಂಜಾನೆ ಪತ್ರಿಕೆ ತರಿಸುವರು, ಓದು ಬೇಟಿ, ನನ್ನ ಕಣ್ಣು ಸೂಜ್ಯಾಗದಾವ, ನೀ ಓದು, ಎಂಟು ವರ್ಷದ ಮೆಹಜಬೀನ ಗುಂಡಿಯ ಡಬ್ಬಿಗಳ ನಡುವೆ ಕುಳಿತು ಗಟ್ಟಿಯಾಗಿ ಓದುವಳು, ತಪ್ಪಿದರೆ ಯಂತ್ರ ನಿಲ್ಲುವುದು, ಅದು ಹಂಗಲ್ಲ, ಕಿವಿಗೆ ಚುಚ್ಚಿತು, ಇನ್ನೊಮ್ಮೆ ಹೇಳು, ಅಳತೆಯ ಪುಸ್ತಕದಲ್ಲಿ ಅಂಕಿಗಳ ಪಕ್ಕ ಹೆಸರುಗಳಿರುತ್ತಿರಲಿಲ್ಲ, ಗಿರಾಕಿಗೊಂದು ಚಿತ್ರವಿರುತ್ತಿತ್ತು, ಒಬ್ಬರಿಗೆ ಮೀಸೆ, ಒಬ್ಬರಿಗೆ ಎತ್ತಿನ ಕೋಡು, ಅಬ್ಬಾ ತಮಾಷೆಗೆ ಬರೆಯುತ್ತಾರೆಂದುಕೊಂಡಿದ್ದಳು, ನಲವತ್ತು ವರ್ಷ ಅಂದುಕೊಂಡಿದ್ದಳು, ಹದಿಮೂರು ದಿನಗಳ ಹಿಂದೆ ಆ ಬಿಳಿಯ ತುದಿಯ ಬೆರಳು ಹಾಳೆಯ ಮೇಲೆ ಅಲೆದಾಗ ಆ ಚಿತ್ರಗಳೆಲ್ಲ ಒಮ್ಮೆಲೇ ಎದ್ದು ಬಂದವು, ಮೀಸೆ, ಕೋಡು, ಕೊಡಪಾನ, ಅಬ್ಬಾನಿಗೂ ಅಕ್ಷರ ಬರುತ್ತಿರಲಿಲ್ಲವೇ, ಅಬ್ಬಾ ಇಲ್ಲ, ಕೇಳುವಂತಿಲ್ಲ, ಕೇಳಬೇಕಾದ ಕಾಲದಲ್ಲಿ ಓದುತ್ತಿದ್ದೆ, ತಲೆಯೆತ್ತಿ ನೋಡಲಿಲ್ಲ.

ಆ ದಿನ ಯಾರಿಗೂ ಹೇಳಲಿಲ್ಲ, ಹೇಳಬೇಕಿತ್ತು, ಓದಿನ ಕಾಲಮ್ಮಿನಲ್ಲಿ ಎ ಶ್ರೇಣಿಯೆಂದು ಕಂಪ್ಯೂಟರಿಗೆ ಆಗಲೇ ಏರಿಸಿಯಾಗಿತ್ತು, ಎಲ್ಲರಿಗೂ ಒಂದೇ ಮಧ್ಯಾಹ್ನದಲ್ಲಿ, ನೆಟ್‌ವರ್ಕ್ ಸಿಕ್ಕಾಗ ಮುಗಿಸಬೇಕಲ್ಲ ಎಂದು, ಹೊಳಿಯಮ್ಮನ ಹೆಸರು ಬಂದಾಗ ಯೋಚಿಸುವ ಅಗತ್ಯವೇ ಇರಲಿಲ್ಲ, ಯೋಚಿಸದೆ ಒತ್ತಿದ ಒಂದೇ ಎ ಅದು, ಮರುದಿನ ಗಿಡ್ಡಪ್ಪನವರಿಗೆ, ಸರ್, ಪುಸ್ತಕದ ರಟ್ಟು ಭಾಳ ಹರದಾವ, ಹೊಳಿಯಮ್ಮನ್ನ ನನ್ನ ಕೂಡ ಕೊಡ್ರಿ ಎಂದು ಪುಸ್ತಕದ ಕೋಣೆಯ ಬಾಗಿಲು ಮುಂದೆ ಮಾಡಿ ಕುಳಿತಳು, ಬಿಸಿಯೂಟದ ಚಾಂದಬೀ ಅಂಟಿನ ಪಾತ್ರೆ ತಂದಿಟ್ಟು, ಏನವಾ ಟೀಚರ, ದಿನಾ ಅಂಟು ದಿನಾ ಅಂಟು, ಪುಸ್ತಕ ಅಂಟಸ್ತೀರೋ ಊರ ಗ್ವಾಡಿ ಅಂಟಸ್ತೀರೋ, ನನ್ನ ಮೈದಾ ಎಲ್ಲಾ ನಿಮ್ಮ ಸರಸ್ವತಿ ಉಂಡ್ಲು ನೋಡ್ರಿ ಎಂದು ನಕ್ಕು ಹೋಗುವಳು, ಅವಳು ಹೋದ ಮೇಲೆ ಅಂಟಿನ ಪಾತ್ರೆ ಸರಿಸಿ ಪುಸ್ತಕ ತೆರೆಯುವುದು, ಎಲ್ಲಿಂದ ಹಿಡಿಯಬೇಕು, ಅ ಆ ಇ ಈ ಎಂದರೆ ಹದಿಮೂರರ ಹುಡುಗಿ ನಾಚಿ ಸಾಯುತ್ತಾಳೆ, ಕೈಗೆ ಅಕ್ಷರಗಳ ಆಕಾರ ಗೊತ್ತು, ಬಾಯಿಗೆ ಇಡೀ ಪುಸ್ತಕವೇ ಗೊತ್ತು, ನಡುವಿನ ಸೇತುವೆಯೊಂದೇ ಇಲ್ಲ, ಹಾಗಾದರೆ ಗೊತ್ತಿರುವ ಪಾಠವನ್ನೇ ತೆಗೆ, ಬೆರಳಿಡು, ಹೇಳು, ಹೇಳತೊಡಗಿದರೆ ಬಾಯಿ ಇಳಿಜಾರಿನ ಬಂಡಿಯಂತೆ ಓಡುವುದು, ಬೆರಳು ಮೊದಲ ಸಾಲಿನಲ್ಲೇ ಉಳಿಯುವುದು, ನಿಲ್ಲು, ಬೆರಳು ಎಲ್ಲೈತಿ, ಬಾಯಿ ಎಲ್ಲೈತಿ, ಬೆರಳು ಮುಂದ, ಬಾಯಿ ಹಿಂದ, ಬೆರಳು ಹೋಗೂತನಕ ಬಾಯಿ ತೆರೀಬ್ಯಾಡ — ಟೀಚರ, ಬಾಯಾಗ ಬಂದುಬಿಡತೈತ್ರಿ, ನಾ ಏನ್ ಮಾಡ್ಲಿ — ನುಂಗು, ಬಾಯಾಗ ಬಂದದ್ದು ನುಂಗು, ಬೆರಳು ಕೊಟ್ಟದ್ದನ್ನಷ್ಟ ಹೇಳು, ಎರಡನೆಯ ದಿನ ಒಂದು ಸಾಲು, ನಾಲ್ಕನೆಯ ದಿನ ಅರ್ಧ ಪುಟ, ಆರನೆಯ ದಿನ ಹುಡುಗಿ ತಟ್ಟನೆ ತಲೆಯೆತ್ತಿ, ಟೀಚರ, ಈ ಅಕ್ಷರ ಅಲ್ಲೂ ಅದ ಐತಿ ಇಲ್ಲೂ ಅದ ಐತಿ ಎಂದಾಗ ಮೆಹಜಬೀನ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕಾಯಿತು, ಆದರೆ ಬಾಗಿಲು ಸುಮ್ಮನಿರಬೇಕಲ್ಲ, ಅತಿಥಿ ಶಿಕ್ಷಕಿ ಶ್ವೇತಾ ಇಣುಕಿ, ಮೇಡಂ, ಮೂರನೇ ಕ್ಲಾಸಿನ ದಾಖಲೆ ಎಲ್ಲೈತ್ರಿ, ಗಿಡ್ಡಪ್ಪನವರು ಇಣುಕಿ, ಮೇಡಂ, ಬೆಂಚಿಗೆ ನಂಬರ್ ಬರಸ್ರಿ, ಮತ್ತೆ ಇಣುಕಿ, ಏನ್ ಗಿಳಿ, ವರದಿ ತಯಾರೇನವಾ, ಆಗೆಲ್ಲ ಹೊಳಿಯಮ್ಮ ಬೆರಳನ್ನು ಅಂಟಿನಲ್ಲಿ ಅದ್ದಿ ರಟ್ಟು ಅಂಟಿಸುವಂತೆ ನಟಿಸುವಳು, ಹಾಗಾಗಿ ಆ ಪುಸ್ತಕಗಳ ಸಾಲುಗಳ ಕೆಳಗೆಲ್ಲ ಒಣಗಿದ ಅಂಟಿನ ಬಿಳಿಯ ಗೆರೆಗಳಿವೆ, ಮುಂದಿನ ವರ್ಷ ಅವನ್ನು ತೆರೆಯುವ ಮಕ್ಕಳು ಏನೆಂದುಕೊಳ್ಳುವರೋ, ವರದಿಯನ್ನೂ ಹಾಗೆಯೇ ಬೆರಳಿಟ್ಟು ದಾಟಿದ್ದಾಯಿತು, ಕಿವಿಯಿಂದ ಬಂದ ಮಾತು ಮೊದಲೇ ಇತ್ತು, ಬೆರಳು ಒಂದೊಂದಾಗಿ ಅದನ್ನು ಹಾಳೆಯ ಮೇಲೆ ಹುಡುಕಿ ಹಿಡಿಯಿತು, ಇನ್ನು ಕೇಳದ ಮಾತನ್ನು ಓದುವುದು, ಯಾರೂ ರಾಗ ಹೇಳಿಕೊಡದ ಸಾಲನ್ನು ಓದುವುದು, ಅದು ನಾಳೆ ಮಾಡೂಣು, ಆ ನಾಳೆ ಬರಲಿಲ್ಲ, ಮೊನ್ನೆ ಇಡೀ ದಿನ ವರ್ಗಾವಣೆ ಪತ್ರಗಳ ಮಾಹಿತಿ ಏರಿಸಲು ತಾವರಗೇರಾದಲ್ಲಿಯೇ ಕೂರಬೇಕಾಯಿತು, ನಿನ್ನೆ ಜಮಖಾನ, ಮೈಕು, ಗಡಿಯಾರಕ್ಕೆ ಸುತ್ತುವ ಕಾಗದ ಹೊಂದಿಸುವುದರಲ್ಲೇ ಕಳೆಯಿತು.

ನಿನ್ನೆಯದೇ ಸುಡುತ್ತಿರುವುದು, ಮಕ್ಕಳೆಲ್ಲ ಹೋದ ಮೇಲೆ ನೀರಿನ ತೊಟ್ಟಿಯ ಹತ್ತಿರ ಹುಡುಗಿಯನ್ನು ಕರೆದು, ಸುತ್ತ ನೋಡಿ, ದನಿ ತಗ್ಗಿಸಿ, ನಾಳೆ ಬೆರಳು ಗಿರಳು ಬ್ಯಾಡವ್ವ, ಹೋದ ವರ್ಷದಂಗ ಬಾಯಾಗಿಂದ ಹೇಳಿಬಿಡು, ಯಾರಿಗೂ ಗೊತ್ತಾಗಂಗಿಲ್ಲ, ಎಂದವಳು ಯಾರು, ಇಪ್ಪತ್ತೆರಡು ವರ್ಷದ ಅನುಭವಸ್ಥೆ, ಶುದ್ಧ ಕನ್ನಡದ ಮೆಹಜಬೀನ ಟೀಚರು, ಹೊಳಿಯಮ್ಮ ಮುಖ ನೋಡಿ, ಮೊನ್ನೀತನಕ ನುಂಗು ಅಂದ್ರಿ ಟೀಚರ, ಎಂದಳು, ಆಮೇಲೆ ಹೂಂ ಎಂದಳೋ ಇಲ್ಲವೋ ನೆನಪಾಗುತ್ತಿಲ್ಲ, ಹೂಂ ಎಂದಿರಬೇಕು, ಎಂದಿರಲಿ, ಅದೋ ಅವಳ ತಾಯಿ ಹುಲಿಗೆವ್ವ ಮುಂದಿನ ಸಾಲಿನಲ್ಲೇ ಹೊಸ ಸೀರೆಯುಟ್ಟು ಕೂತಿದ್ದಾಳೆ, ಪಕ್ಕದವಳಿಗೆ ತೋರಿಸುತ್ತಿದ್ದಾಳೆ, ಅಕಿ ನೋಡು, ಹಾಳಿ ಹಿಡ್ಕೊಂಡು ನಿಂತಾಳಲ್ಲ, ಅಕಿ ನನ್ನ ಮಗಳು, ಓದಾಕ ನಿಂತ್ಲಂದ್ರ ರೇಡಿಯೋ ಬಂದ್ ಮಾಡಬೇಕು — ಅಷ್ಟರಲ್ಲಿ ವೇದಿಕೆಯ ಮೇಲೆ ಏನೋ ಗುಸುಗುಸು, ಮರ್ದಾನಸಾಬನ ದನಿ ಏರಿತು, ನಮ್ಮ ಬೋರಿನ ನೀರು ಕುಡಿತೀರಿ, ಫ್ಯಾನಿನವ್ರ ಹೆಸರು ಬರೀತೀರಿ, ನಮ್ಮ ಹೆಸರು ಬರ್ಯಾಕ ಮಸಿ ತೀರಿತ್ತೇನ್ರಿ ಸರ, ಓಹೋ, ಮುನಿಸು ಇದಕ್ಕೆ, ಗಿಡ್ಡಪ್ಪನವರು ಕೈಮುಗಿದು ನಗುತ್ತ ಈ ಕಡೆ ಬಂದರು, ಹೊಳಿಯಮ್ಮನ ಕೈಯಿಂದ ಹಾಳೆ ತೆಗೆದುಕೊಂಡರು, ತೊಡೆಯ ಮೇಲಿಟ್ಟು ಕೆಂಪು ಪೆನ್ನಿನಿಂದ ಕೊನೆಯಲ್ಲಿ ಏನೋ ಬರೆದರು, ಒಂದು ಸಾಲು, ಎರಡು ಸಾಲು, ಮರಳಿ ಕೊಟ್ಟರು, ಇದನ್ನೂ ಓದವಾ ಗಿಳಿ, ಮರೀಬ್ಯಾಡ ಮತ್ತ, ದೊಡ್ಡವ್ರು ಸಿಟ್ಟಾಗ್ಯಾರ, ಮೆಹಜಬೀನ ಕುರ್ಚಿಯಿಂದ ಅರ್ಧ ಎದ್ದಳು, ಏನು ಬರೆದರು, ಇಲ್ಲಿಂದ ಕಾಣುವುದಿಲ್ಲ, ಹುಡುಗಿ ಈಗ ಓಡಿ ಬರುತ್ತಾಳೆ, ಐದು ವರ್ಷ ಬಂದಂತೆ ಬರುತ್ತಾಳೆ, ಒಮ್ಮೆ ಓದಿ ತೋರಸ್ರಿ ಟೀಚರ ಎನ್ನುತ್ತಾಳೆ, ಕಿವಿಯಲ್ಲಿ ಊದಿಬಿಡುತ್ತೇನೆ, ಅರ್ಧ ನಿಮಿಷದ ಕೆಲಸ, ಬಾ, ಬಾರವ್ವ, ಹುಡುಗಿ ಈ ಕಡೆ ನೋಡಿದಳು, ನೋಡಿದ್ದು ನಿಜ, ಹೆಜ್ಜೆ ಕೀಳಲಿಲ್ಲ, ಹೆಸರು ಕೂಗಿದರು, ಹೊಳಿಯಮ್ಮ ಮೈಕಿನ ಕಡೆ ನಡೆದಳು.

ಈಗ ಸುರುವಾಗುತ್ತದೆ, ಆ ಗಂಟೆಯಂಥ ಕಂಠ, ಮಾನ್ಯ ಅಧ್ಯಕ್ಷರೇ ಎಂದು ಒಂದೇ ಉಸಿರಿಗೆ, ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ಸುರುವಾಗುತ್ತಿಲ್ಲ, ಹುಡುಗಿ ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿಯದೆ ಮೈಕಿನ ಪಕ್ಕದ ಮೇಜಿನ ಮೇಲೆ ಹರವಿದಳು, ಬಲಗೈ ಎತ್ತಿದಳು, ಇಟ್ಟಳು, ಬೆರಳು, ಬೇಡವ್ವ, ಬೆರಳು ಬೇಡ, ಮೊದಲ ಅಕ್ಷರದ ಕೆಳಗೆ ಬೆರಳು, ಮಾ, ನಿಂತಳು, ನ್ಯ, ಬೆರಳು ಸರಿಯಿತು, ಬಾಯಿ ಕಾಯಿತು, ಅ, ಧ್ಯ — ಮೈಕಿನಲ್ಲಿ ಒಂದೊಂದು ಅಕ್ಷರವೂ ಒಂದೊಂದು ಕಲ್ಲಿನಂತೆ ಬಿದ್ದು ಅಂಗಳದಲ್ಲಿ ಉರುಳುತ್ತಿದೆ, ಯಾಕ ಈಕೀಗೆ ಏನಾತು, ಮೈಯಾಗ ಆರಾಮಿಲ್ಲೇನು, ಅಯ್ಯ, ಗಿಳೀಗೆ ಮಾತ ಮರತೈತ್ರಿ, ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು, ಗಿಡ್ಡಪ್ಪನವರು ತಿರುಗಿ ಮೆಹಜಬೀನಳ ಕಡೆ ನೋಡುತ್ತಿದ್ದಾರೆ, ಹುಲಿಗೆವ್ವನ ನಗೆ ಅರ್ಧಕ್ಕೆ ನಿಂತಿದೆ, ಶ್ವೇತಾ ಕಿವಿಯ ಹತ್ತಿರ ಬಾಗಿ, ಮೇಡಂ, ಹೆದ್ರ್ಯಾಳೇನ್ರಿ, ಹೆದರಿಲ್ಲ, ಇವಳು ಹೆದರಿಲ್ಲ, ನಿನ್ನೆ ತೊಟ್ಟಿಯ ಹತ್ತಿರ ಹೆದರಿದವಳು ಬೇರೆ, ಇಡೀ ವರದಿಯನ್ನು ಕಣ್ಣು ಮುಚ್ಚಿ ಸುರಿದುಬಿಡಬಲ್ಲ ಹುಡುಗಿ ಬಾಯಲ್ಲಿ ಬಂದದ್ದನ್ನೆಲ್ಲ ನುಂಗಿ ನುಂಗಿ ಬೆರಳು ಕೊಟ್ಟದ್ದನ್ನಷ್ಟೇ ಹೇಳುತ್ತಿದ್ದಾಳೆ, ಪಂ, ಪಾ, ಪ, ತಿ, ಯ, ವ, ರು, ಪಂಪಾಪತಿಯವರು, ಹಾಳೆಯ ಮೇಲೆ ಇರುವವರು, ಓಬಳೆಪ್ಪನಲ್ಲ, ಅವಮಾನ ಆ ಹುಡುಗಿಯದಲ್ಲ, ಈ ಕುರ್ಚಿಯಲ್ಲಿ ಕೂತವಳದು, ಎಷ್ಟು ಹೊತ್ತಾಯಿತು, ಹನ್ನೊಂದು ಗಡಿಯಾರಗಳಲ್ಲಿ ಯಾವುದನ್ನು ಕೇಳಲಿ, ನಗುವವರು ನಕ್ಕು ದಣಿದರು, ಮಸಿಯ ಸಾಲುಗಳು ಮುಗಿದವು, ಬೆರಳು ಹಾಳೆಯ ಕೊನೆಗೆ ಇಳಿಯಿತು, ಕೆಂಪು ಸಾಲು, ಯಾರೂ ಓದಿ ತೋರಿಸದ ಸಾಲು, ನಾಳೆ ಮಾಡೂಣು ಎಂದ ಸಾಲು, ಮರ್ದಾನಸಾಬ ಟೋಪಿ ಸರಿಮಾಡಿಕೊಂಡು ಮುಂದಕ್ಕೆ ಬಾಗಿದ, ತನ್ನ ಹೆಸರಿಗಾಗಿ ಕಿವಿಗೆ ಕೈ ಹಚ್ಚಿದ, ಮುಂಜಾನೆ ಗಡಿಯಾರಕ್ಕೆ ಕಾಗದ ಅಂಟಿಸಿದ ಬೆರಳು, ತುದಿಯಲ್ಲಿ ಒಣಗಿದ ಬಿಳಿ, ಮೊದಲ ಅಕ್ಷರದ ಕೆಳಗೆ ಹೋಗಿ ನಿಂತಿತು, ಮ ಎಂದಿತು ಮೈಕು, ಅಷ್ಟೇ, ಮೆಹಜಬೀನಳ ತುಟಿಗಳು ತಾವಾಗಿಯೇ ತೆರೆದವು, ಆ ಹೆಸರು ನಾಲಗೆಯ ತುದಿಗೆ ಬಂದು ಕೂತಿದೆ, ಒಂದು ಉಸಿರು ಸಾಕು, ಇಲ್ಲಿಂದ ಪಿಸುಗುಟ್ಟಿದರೂ ಹುಡುಗಿಗೆ ಕೇಳೀತು, ಕಿವಿ ಅವಳದು ಎಂಥ ಕಿವಿ, ಸೆರಗಿನ ತುದಿಯನ್ನು ಹಲ್ಲುಗಳ ನಡುವೆ ತುರುಕಿ ಕಚ್ಚಿಕೊಂಡಳು, ನುಂಗು, ಬಾಯಲ್ಲಿ ಬಂದದ್ದನ್ನು ನುಂಗು, ಹುಡುಗಿ ಈ ಕಡೆ ತಿರುಗಲಿಲ್ಲ, ಎರಡನೆಯ ಅಕ್ಷರದ ಕೆಳಗೆ ಬೆರಳು, ಬಿಸಿಲು, ಕೆಂಪು ಮಸಿ, ಬೆರಳು ನಿಂತಿದೆ, ಬಿಳಿಯ ತುದಿಯ ಬೆರಳು, ನಿಂತಿದೆ, ಅಲೆಯುತ್ತಿಲ್ಲ —